ನಿಂತವರ ಭತ್ಯೆ, ಕೂತವರ ಭತ್ಯೆ

1

ಸರಸಳನ್ನು ಎಲ್ಲಿಂದ ಕಥೆಯೊಳಗೆ ಕರೆತರಲಿ? ವೇಲಚೇರಿಯ ಸಿಗ್ನಲ್ಲಿನಿಂದಲೋ, ಕ್ರೋಂಪೇಟೆಯಲ್ಲಿರುವ ಅವಳಪ್ಪನ ಹೋಟೆಲ್ಲಿನಿಂದಲೋ? ಸಿಗ್ನಲ್ಲಿನಿಂದ ಒಮ್ಮೆ ಬರೆದು ನೋಡಿದೆ. ಬಿಸಿಲು, ಹಾರ್ನು, ಬಿಳಿ ಶರ್ಟು, ಬೆವರು. ಎರಡು ಪ್ಯಾರಾ ಮುಗಿಯುವಷ್ಟರಲ್ಲಿ ಅವಳು ಇಲಾಖೆಯ ಕ್ಯಾಲೆಂಡರಿನಲ್ಲಿ ನಿಂತ ಚಿತ್ರದಂತಾದಳು. ಅಳಿಸಿಬಿಟ್ಟೆ. ಹೋಟೆಲ್ಲಿನಿಂದಲೇ ಬರಲಿ, ಓದುವವರಿಗೆ ಕಾಫಿಯ ವಾಸನೆಯಾದರೂ ಸಿಕ್ಕೀತು.

ಕ್ರೋಂಪೇಟೆ ಸ್ಟೇಷನ್ನಿನ ಎದುರಿನ ಆ ಸಸ್ಯಾಹಾರಿ ಹೋಟೆಲ್ಲು ಶೀನಣ್ಣನದು. ಕುಂದಾಪುರದ ಕಡೆಯವರು. ಮಗಳು ಸರಸ ಹುಟ್ಟಿದ್ದು, ಓದಿದ್ದು, ತಮಿಳಿನಲ್ಲಿ ಪರೀಕ್ಷೆ ಬರೆದು ಪೊಲೀಸ್ ಸೇರಿದ್ದು ಎಲ್ಲ ಚೆನ್ನೈಯಲ್ಲೇ. ಈಗ ಅವಳು ಟ್ರಾಫಿಕ್ ಹೆಡ್ ಕಾನ್ಸ್‌ಟೇಬಲ್. ಪೊಲೀಸ್ ಸಿಬ್ಬಂದಿ ಸಂಘದಲ್ಲಿ ವೇಲಚೇರಿಯ ಪ್ರತಿನಿಧಿ. ಸಂಘದ ಸಭೆ ನಡೆಯುವುದು ಇದೇ ಹೋಟೆಲ್ಲಿನ ಮಹಡಿಯಲ್ಲಿ.

(ಈ ಸಂಘ, ಮುಂದೆ ಬರುವ ಪ್ರಸ್ತಾವ, ಅದರ ಸಮಿತಿ ಮೂರನ್ನೂ ನಾನೇ ಕಟ್ಟಿದ್ದು. ಗೂಗಲ್‌ನಲ್ಲಿ ಹುಡುಕಿ ಸುಸ್ತಾಗಬೇಡಿ.)

ಆ ಭಾನುವಾರ ಸಂಘದ ಕಾರ್ಯದರ್ಶಿ ಮುತ್ತುವೇಲ್ ಎದ್ದು ನಿಂತು ಇಲಾಖೆಯ ಹೊಸ ಪ್ರಸ್ತಾವದ ವಿಷಯ ಹೇಳಿದ. ಇಲ್ಲಿಯವರೆಗೆ ಎಲ್ಲ ಪೊಲೀಸರಿಗೂ ಸಂಬಳದ ಜೊತೆ ಒಂದು ಕರ್ತವ್ಯ ಭತ್ಯೆ ಬರುತ್ತಿತ್ತು. ಇನ್ನು ಮೇಲೆ ಅದು ರಸ್ತೆಯಲ್ಲಿ ನಿಂತು ದುಡಿಯುವವರಿಗೆ ಮಾತ್ರ. ಅವರಿಗೆ ಈಗಿನದರ ಎರಡರಷ್ಟು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಏನೂ ಇಲ್ಲ. ಸಂಘ ಏನನ್ನುತ್ತದೆಂದು ಇಲಾಖೆಯ ಸಮಿತಿಯೊಂದು ಕೇಳಲಿದೆ.

ಮಹಡಿಯ ಅರ್ಧ ಜನ ಚಪ್ಪಾಳೆ ತಟ್ಟಿದರು. ನಿಂತು ದುಡಿಯುವವರು. ಸರಸಳ ಕೈಗಳೂ ಅರ್ಧ ಮೇಲೆದ್ದವು. ಅಷ್ಟರಲ್ಲಿ ಅವಳಿಗೆ ಪೂಂಗೋದೈ ನೆನಪಾದಳು.

2

ಪೂಂಗೋದೈ ಯಾರೆಂದು ಹೇಳಬೇಕು.

ಪ್ರವಾಹದ ವರ್ಷ ವೇಲಚೇರಿಯ ಬೀದಿಗಳಲ್ಲಿ ಸೊಂಟದುದ್ದ ನೀರು. ಸರಸ ಮತ್ತು ಅವಳ ಜೊತೆಯ ಪೇದೆ ಪೂಂಗೋದೈ ಅಪಾರ್ಟ್‌ಮೆಂಟಿನವರನ್ನು ದೋಣಿಗೆ ಹತ್ತಿಸುತ್ತಿದ್ದರು. ಮುಚ್ಚಳ ಕೊಚ್ಚಿಹೋದ ಚರಂಡಿಯೊಂದು ನೀರಿನಡಿ ಬಾಯಿ ತೆರೆದು ಕೂತಿತ್ತು. ಸರಸ ಅದರೊಳಕ್ಕೆ ಕಾಲಿಟ್ಟಳು. ನೀರು ಅವಳನ್ನು ಒಳಕ್ಕೆಳೆಯಿತು. ಪೂಂಗೋದೈ ಬಗ್ಗಿ ಅವಳ ಬೆಲ್ಟಿಗೆ ಕೈ ಹಾಕಿದಳು, ಚರಂಡಿಯ ಕಾಂಕ್ರೀಟ್ ಅಂಚಿಗೆ ಮೊಣಕಾಲು ಕೊಟ್ಟು ಹಗ್ಗ ಬರುವವರೆಗೆ ಬಿಡಲಿಲ್ಲ. ಸರಸ ಬದುಕಿದಳು. ಆ ಮೊಣಕಾಲು ಮತ್ತೆ ಸರಿಯಾಗಲಿಲ್ಲ. ಅಂದಿನಿಂದ ಪೂಂಗೋದೈ ಕಂಟ್ರೋಲ್ ರೂಮಿನಲ್ಲಿ ಕೂತು ಫೋನ್ ಎತ್ತುತ್ತಾಳೆ.

ಕೂತು.

ಓದುಗರೇ, ನಿಮಗೀಗ ಕಥೆ ಕಂಡಿತಲ್ಲ? ನನಗೂ ಕಂಡಿತು. ಸಮಿತಿಯ ಮುಂದೆ ಸರಸ ಈ ಪ್ರವಾಹದ ಕಥೆ ಹೇಳುತ್ತಾಳೆ, ದೊಡ್ಡ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಪ್ರಸ್ತಾವ ಬಿದ್ದುಹೋಗುತ್ತದೆ. ನಾನು ಬರೆದೂ ಬಿಟ್ಟಿದ್ದೆ. ಒಂದೂವರೆ ಪುಟ, ಕಣ್ಣೀರು ಸಮೇತ.

2 (ಮತ್ತೆ)

ಪೂಂಗೋದೈ ಒಪ್ಪಲಿಲ್ಲ.

ಸಭೆ ಮುಗಿದ ಮಾರನೆಯ ದಿನ ಸರಸ ಅವಳ ಮನೆಗೆ ಹೋಗಿ, ಶೀನಣ್ಣ ಕಟ್ಟಿಕೊಟ್ಟ ಗೋಳಿಬಜೆಯ ಪೊಟ್ಟಣ ಮುಂದಿಟ್ಟು, ವಿಷಯ ಹೇಳಿದಳು. ಪೂಂಗೋದೈ ಮಾತಾಡಿದ್ದು ತಮಿಳಿನಲ್ಲಿ. ನಾನು ಕನ್ನಡಕ್ಕೆ ತಂದಿದ್ದೇನೆ, ಆದ್ದರಿಂದ ಅರ್ಧ ಖಾರ ಇಳಿದಿದೆ.

"ನನ್ನ ಮೊಣಕಾಲನ್ನ ಮೀಟಿಂಗಿಗೆ ಎತ್ಕೊಂಡು ಹೋಗ್ಬೇಡ ಕಣೇ," ಅಂದಳು. "ಅದು ನನ್ನದು. ಪಾವಂ, ಪಾಪ ಪಾಪ ಅಂತ ನಾಲ್ಕು ಜನ ತಲೆ ಅಲ್ಲಾಡಿಸೋಕೆ ನಾನು ಅಲ್ಲಿ ಬಗ್ಗಲಿಲ್ಲ."

"ಹೇಳದಿದ್ರೆ ನಿನ್ನ ಭತ್ಯೆ ಹೋಗುತ್ತೆ ಅಕ್ಕಾ."

"ಹೋಗ್ಲಿ. ನಿನಗೆ ಎರಡರಷ್ಟು ಬರುತ್ತಲ್ಲ, ತಗೋ. ಹರ್ಷಿಣಿ ಕಾಲೇಜು ಸೇರೋ ವರ್ಷ."

ಹರ್ಷಿಣಿ ಸರಸಳ ಮಗಳು. ಅವಳ ಹೆಸರು ಕೇಳಿ ಸರಸ ತಲೆಯೆತ್ತಿ ಪೂಂಗೋದೈಯನ್ನು ನೋಡಿದಳು. ತನ್ನನ್ನು ಬದುಕಿಸಿದವಳು, ಈಗ ತನ್ನ ಮಗಳ ಓದಿನ ಲೆಕ್ಕವನ್ನೂ ಹಾಕುತ್ತಿದ್ದಾಳೆ. ಇವಳಿಗೆ ಏನು ಕೊಟ್ಟರೆ ಸರಿಹೋದೀತು? ಸರಸ ಪೊಟ್ಟಣವನ್ನು ಅವಳತ್ತ ಸರಿಸಿದಳು. ಪೂಂಗೋದೈ ಗೋಳಿಬಜೆ ತಿನ್ನುತ್ತ, "ನಿಮ್ಮಪ್ಪನಿಗೆ ಹೇಳು, ಶುಂಠಿ ಕಮ್ಮಿ ಆಗಿದೆ," ಅಂದಳು.

(ನಾನು ನಡುವೆ ಬಾಯಿ ಹಾಕಿದೆ. "ಸರಸಾ, ಆ ಪ್ರವಾಹ ಇಲ್ಲದೆ ಭಾಷಣ ಹೇಗೆ ನಿಲ್ಲುತ್ತೆ? ನನ್ನ ಒಂದೂವರೆ ಪುಟ?" ಅವಳು ನನ್ನನ್ನು ಹೆಲ್ಮೆಟ್ಟಿಲ್ಲದವನನ್ನು ನೋಡುವಂತೆ ನೋಡಿದಳು. "ಸಾರ್, ಅವ್ಳ್ ಬೇಡ ಅಂದಳಲೆ. ನಿಮಗ್ ತಮಿಳ್ ಬತ್ತಿಲ್ಯಾ?")

ಒಂದೂವರೆ ಪುಟ ಹೋಯಿತು.

3

ಮುಂದಿನ ಭಾನುವಾರ ಸಂಘ ತನ್ನ ನಿಲುವು ತೀರ್ಮಾನಿಸಬೇಕಿತ್ತು. ಸ್ವೀಕರಿಸುವುದೋ, ವಿರೋಧಿಸುವುದೋ. ಮಹಡಿ ತುಂಬಿತ್ತು. ಪೂಂಗೋದೈಯೂ ಬಂದಿದ್ದಳು. ಮೆಟ್ಟಿಲು ಹತ್ತುವಾಗ ಯಾರ ಕೈಯನ್ನೂ ಹಿಡಿಯದೆ ಕಂಬಿ ಹಿಡಿದು, ನಿಧಾನವಾಗಿ.

ಶೀನಣ್ಣ ಎಲ್ಲರಿಗೂ ಕಾಫಿ ತಂದರು. ಪ್ರವಾಹದ ವರ್ಷದಿಂದ ಅವರು ಈ ಸಂಘದ ಹತ್ತಿರ ಮಹಡಿಯ ಬಾಡಿಗೆ ತಗೊಂಡಿಲ್ಲ. ಯಾಕೆಂದು ಮುತ್ತುವೇಲ್ ಒಮ್ಮೆ ಕೇಳಿದ್ದನಂತೆ. "ಎಂತ ಕೇಂತ್ರಿ ಮಾರಾಯ್ರೆ," ಅಂದಿದ್ದರಂತೆ ಕನ್ನಡದಲ್ಲೇ, ಅವನಿಗೆ ಅರ್ಥವಾಗಲಿ ಬಿಡಲಿ, "ಮಗಳ್ ಮನಿಗ್ ಬಂದಳಲೆ."

ಸರಸ ಎದ್ದಳು. ಭಾಷಣದ ಮಧ್ಯದಲ್ಲಿ ಒಂದು ದೊಡ್ಡ ರಂಧ್ರವಿತ್ತು, ಆ ರಂಧ್ರದ ಮೇಲೆ ಕಾಲಿಡದೆ ಮಾತಾಡಬೇಕಿತ್ತು.

"ನನಗೂ ದುಡ್ಡು ಬೇಕು," ಅಂದಳು ತಮಿಳಿನಲ್ಲಿ. "ಸುಳ್ಳು ಹೇಳಲ್ಲ. ಹೋದ ವಾರ ನಾನೂ ಚಪ್ಪಾಳೆಗೆ ಕೈ ಎತ್ತಿದ್ದೆ."

ಕೆಲವರು ನಕ್ಕರು.

"ಇಲ್ಲಿ ಕೂತು ಕೆಲಸ ಮಾಡೋರಲ್ಲಿ ಕೂರಬೇಕು ಅಂತ ಪೊಲೀಸ್ ಸೇರಿದವರು ಯಾರಾದ್ರೂ ಇದ್ದರೆ ಕೈ ಎತ್ತಿ."

ಯಾರೂ ಎತ್ತಲಿಲ್ಲ.

"ಹಾಗಾದ್ರೆ ನನಗೆ ಕೊಡ್ತೀವಿ ಅಂತಿರೋದು ಇವರ ತಟ್ಟೆಯಿಂದ ತೆಗೆದದ್ದು. ನಾನು ಇವತ್ತು ನಿಂತಿದ್ದೀನಿ. ಯಾಕೆ ನಿಲ್ಲೋಕಾಗ್ತಿದೆ ಅನ್ನೋದು ನನಗೆ ಗೊತ್ತು. ನೀವೂ ಒಬ್ಬೊಬ್ಬರೇ ಯೋಚನೆ ಮಾಡಿ ನೋಡಿ, ನಿಮಗೂ ಗೊತ್ತಾಗುತ್ತೆ." ಅಷ್ಟು ಹೇಳಿ ಕೂತುಬಿಟ್ಟಳು. ಪೂಂಗೋದೈಯ ಕಡೆ ತಿರುಗಲಿಲ್ಲ.

ಆಮೇಲೆ ಹಿಂದಿನ ಸಾಲಿನಲ್ಲಿ ಎಣ್ಣೂರಿನ ಒಬ್ಬ ದಪ್ಪ ಪೇದೆ ಎದ್ದು, ತಾನು ಬಂದೋಬಸ್ತಿನಲ್ಲಿ ಕಲ್ಲೇಟು ತಿಂದ ದಿನ ತನ್ನನ್ನು ಎಳೆದು ವ್ಯಾನಿಗೆ ಹಾಕಿದವನು ಈಗ ಸ್ಟೋರ್ಸಿನಲ್ಲಿ ಕೂತಿದ್ದಾನೆ ಅಂದ. ಇನ್ನೊಬ್ಬಳು, ತನ್ನ ಹೆರಿಗೆಯ ತಿಂಗಳುಗಳಲ್ಲಿ ತನ್ನ ಜೊತೆ ಡ್ಯೂಟಿ ಬದಲಾಯಿಸಿಕೊಂಡ ಹಿರಿಯ ಸಹೋದ್ಯೋಗಿಯ ಹೆಸರು ಹೇಳಿದಳು. ಸಭೆ ವಿರೋಧದ ಸಭೆಯಾಗುವುದು ಬಿಟ್ಟು ಯಾರ್ಯಾರಿಗೋ ನಂದ್ರಿ, ಅಂದರೆ ಧನ್ಯವಾದ, ಹೇಳುವ ಸಭೆಯಾಯಿತು. ಮುತ್ತುವೇಲ್ ಗಡಿಯಾರ ನೋಡಿ, "ವಿಷಯಕ್ಕೆ ಬನ್ನಿ," ಅಂದು, ತಾನೇ ಎದ್ದು ತನ್ನ ಹಳೆಯ ಇನ್‌ಸ್ಪೆಕ್ಟರ ಸುದ್ದಿ ಶುರುಮಾಡಿದ.

ಕೈ ಎತ್ತಿಸಿದಾಗ ವಿರೋಧಕ್ಕೇ ಹೆಚ್ಚು ಕೈಗಳು. ಎಲ್ಲರದೂ ಅಲ್ಲ. ಬೇಸರದಿಂದ ಕೆಳಗಿಳಿದು ಹೋದವರೂ ಇದ್ದರು. ಅವರಿಗೂ ಮನೆ ಬಾಡಿಗೆ ಇರುತ್ತದೆ, ಅವರನ್ನು ಖಳರು ಮಾಡಲು ನನಗೆ ಮನಸ್ಸಿಲ್ಲ.

5

(ನಾಲ್ಕನ್ನು ಬರೆದು ಕೈಬಿಟ್ಟೆ. ಅದರಲ್ಲಿ ಸಮಿತಿಯ ವಿಚಾರಣೆ ಇತ್ತು. ಉದ್ದನೆಯ ಮೇಜು, ಬಿಸ್ಕತ್ತು, "ಪರಿಶೀಲಿಸುತ್ತೇವೆ" ಎಂಬ ಮಾತು. ನೀವು ಯಾವುದಾದರೂ ಕಚೇರಿಗೆ ಹೋಗಿದ್ದರೆ ಅದನ್ನು ಆಗಲೇ ಓದಿದ್ದೀರಿ.)

ಕೊನೆಗಳು ನನ್ನ ಹತ್ತಿರ ಮೂರಿವೆ.

ಒಂದು: ಪ್ರಸ್ತಾವ ಪೂರ್ತಿ ರದ್ದಾಗುತ್ತದೆ. ಸರಸ ಇದನ್ನು ಕೇಳಿ, "ನೀವ್ ಕಥಿ ಬರೀತ್ರಿಯಾ, ಕನಸ್ ಕಾಂತ್ರಿಯಾ?" ಅಂದಳು.

ಎರಡು: ಪ್ರಸ್ತಾವ ಹಾಗೇ ಜಾರಿಯಾಗುತ್ತದೆ. ಇದನ್ನು ನಾನೇ ಬೇಡವೆಂದೆ. ಇವರ ಜೊತೆ ಇಷ್ಟು ಕಾಫಿ ಕುಡಿದಿದ್ದೇನೆ.

ಮೂರನೆಯದು ನಡೆದದ್ದು. ತಿದ್ದಿದ ಆದೇಶ ಬಂತು. ಕರ್ತವ್ಯದಲ್ಲಿ ಗಾಯಗೊಂಡು ಕೂತವರಿಗೆ ಭತ್ಯೆ ಮುಂದುವರಿಯುತ್ತದೆ. ಉಳಿದ ಕೂತವರಿಗಿಲ್ಲ. ಸಂಘ ಮತ್ತೆ ಮಹಡಿಯಲ್ಲಿ ಸೇರಿತು. ಮುತ್ತುವೇಲ್ ಲಡ್ಡು ತಂದಿದ್ದ. ಸರಸ ಒಂದನ್ನು ಎತ್ತಿಕೊಂಡು ಹೋಗಿ ಪೂಂಗೋದೈಯ ಬಾಯಿಗೆ ಇಟ್ಟಳು. ಪೂಂಗೋದೈ ಅದನ್ನು ತಿಂದಳು, ಸರಸಳ ಕೆನ್ನೆ ತಟ್ಟಿದಳು, ಕಣ್ಣೊರೆಸಿಕೊಂಡಳು.

ನಾನು ಪೆನ್ನು ಮುಚ್ಚಿದೆ. ಇದಕ್ಕಿಂತ ಒಳ್ಳೆಯ ಕಡೆಯ ಸಾಲು ಎಲ್ಲಿ ಸಿಗುತ್ತದೆ?

ಆಗ ಪೂಂಗೋದೈ ಮೇಜಿಗೆ ಕೈ ಊರಿ ಎದ್ದು ನಿಂತಳು.

"ನನಗೆ ಸಿಕ್ತು. ಸಂತೋಷ. ನಿಮ್ಮೆಲ್ಲರಿಗೂ ನಂದ್ರಿ, ನಿಜವಾಗಿಯೂ," ಅಂದಳು. "ಈಗ ಹೇಳಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿರೋ ಷಣ್ಮುಗಂಗೆ ಏನು ಗತಿ? ಅವನಿಗೆ ಯಾರೂ ಹೊಡೆದಿಲ್ಲ. ಇಪ್ಪತ್ತು ವರ್ಷ ಸಿಗ್ನಲ್ಲಿನಲ್ಲಿ ನಿಂತು ಗಾಡಿಗಳ ಹೊಗೆ ಕುಡಿದು ಉಸಿರು ಕೆಟ್ಟಿದೆ. ಅದು ಗಾಯ ಅಲ್ವಾ?"

ಮುತ್ತುವೇಲ್ ಲಡ್ಡುವಿನ ಡಬ್ಬಿ ಮುಚ್ಚಿದ. ಸರಸ ತನ್ನ ಕುರ್ಚಿಯನ್ನು ಪೂಂಗೋದೈಯ ಪಕ್ಕಕ್ಕೆ ಎಳೆದುಕೊಂಡಳು.

ಕೆಳಗಿನಿಂದ ಶೀನಣ್ಣ ಕೂಗಿದರು: "ಮಗಾ, ಮುಗೀತಾ? ಊಟಕ್ಕ್ ಜನ ಬಂದಿದ್ರ್, ಮೇಲ್ ಜಾಗ ಬೇಕಿತ್."

ಸರಸ ಮೆಟ್ಟಿಲ ಕಡೆ ಬಗ್ಗಿದಳು. "ಇಲ್ಲೆ ಅಪ್ಪಯ್ಯ, ಈಗಷ್ಟೇ ಶುರು ಆಯ್ತ್!"