ಅಪಘಾತವಿಲ್ಲದ ನಲವತ್ತೊಂದು ವರ್ಷ

ಫೆಬ್ರವರಿಯ ಒಂದು ಮಂಗಳವಾರ, ಸರಿಯಾಗಿ ಚಹಾದ ಹೊತ್ತಿಗೆ, ಜಿಲ್ಲಾ ಕಚೇರಿಯ ನೌಕರ ಹಬ್ಬೊ ರೆಂಕೆನ್ ಟೊಮ್ಮಾಳ ಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಕಾಗದ, ಕೋಟಿನ ಜೇಬಿನಲ್ಲಿ ಬಣ್ಣ ಕೆರೆಯುವಂಥ ಒಂದು ಚಪ್ಪಟೆ ಅಲಗು. ಮುಖ ಮಾತ್ರ ಸಾವಿನ ಸುದ್ದಿ ತಂದವನ ಹಾಗಿತ್ತು.

"ಅಮ್ಮಾ, ಫೋಲ್ಕರ್ಟ್ ಓಲ್ಟ್‌ಮನ್ಸ್ ಅವ್ರ ಮನೆ ಇದೇ ಅಲ್ವಾ? ನಿಮ್ಮ ಕಾರಿಗೆ ಇನ್ಶೂರೆನ್ಸ್ ಇಲ್ಲ. ಜನವರಿ ಒಂದರಿಂದ್ಲೇ ಇಲ್ಲ. ನಂಬರ್ ಪ್ಲೇಟಿನ ಮೇಲಿರೋ ಮುದ್ರೆ ಕೆರೆದು ಹೋಗ್ಬೇಕು, ಅದಕ್ಕೇ ಬಂದೆ. ಮುದ್ರೆ ಇಲ್ದೆ ಕಾರು ರಸ್ತೆಗಿಳಿಯೋ ಹಾಗಿಲ್ಲ."

"ನಮ್ಮ ಕಾರಿಗಾ? ಬೇರೆ ಯಾರದ್ದೋ ಇರ್ಬೇಕು ನೋಡಿ. ನಮ್ಮನೇಲಿ ಕಾಗದಪತ್ರ ತಪ್ಪೋದೇ ಇಲ್ಲ."

"ಎರಡು ನೋಟಿಸ್ ಕಳಿಸಿದೀವಿ ಅಮ್ಮಾ."

ಹೋದ ವಾರವಷ್ಟೇ ಗಂಡ ಫೋಲ್ಕರ್ಟ್ ಆ ಕಾರಿನಲ್ಲಿ ಟೊಮ್ಮಾಳನ್ನು ಸಂತೆಗೆ ಕರೆದುಕೊಂಡು ಹೋಗಿದ್ದ. ಬರುವಾಗ ದಾರಿ ತಪ್ಪಿ, ಐವತ್ತು ವರ್ಷ ಓಡಾಡಿದ ರಸ್ತೆಯಲ್ಲೇ ಎರಡು ಸುತ್ತು ಹಾಕಿದ್ದ. ಅವಳು ಏನೂ ಗೊತ್ತಿಲ್ಲದವಳಂತೆ, ಇವತ್ತು ಕಡಲು ಚೆನ್ನಾಗಿ ಕಾಣುತ್ತಿದೆ ಎಂದು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ವೈದ್ಯರು ಅಕ್ಟೋಬರಿನಲ್ಲೇ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಮರೆವು ಹೆಚ್ಚುತ್ತದೆ, ಕಾರು ಓಡಿಸುವುದನ್ನು ಬಿಡಿಸಬೇಕು, ನೀವೇ ನಿಧಾನಕ್ಕೆ ಹೇಳಿ. ನಾಲ್ಕು ತಿಂಗಳಾದರೂ ಅವಳಿಗೆ ಬಾಯಿ ಬಂದಿರಲಿಲ್ಲ. ಒಂದೊಂದಾಗಿ ಎಲ್ಲ ಕೈಬಿಟ್ಟು ಹೋಗುತ್ತಿದ್ದ ಮನುಷ್ಯನಿಗೆ ಉಳಿದದ್ದು ಎರಡೇ, ಒಂದು ಆ ಕಾರು, ಇನ್ನೊಂದು ಕಪಾಟಿನ ಫೈಲುಗಳು. ಅದರಲ್ಲಿ ಒಂದನ್ನು ತಾನೇ ಕಿತ್ತುಕೊಳ್ಳುವುದು ಹೇಗೆ ಎಂಬ ಚಿಂತೆಯಲ್ಲಿ ಅವಳು ಸವೆದುಹೋಗಿದ್ದಳು.

"ಒಳಗೆ ಬನ್ನಿ. ಚಹಾ ಕುಡೀರಿ. ಅವ್ರು ಮಲಗಿದಾರೆ, ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದಳು.

ಜರ್ಮನಿಯ ಆ ಕಡಲತೀರದ ಸೀಮೆಯಲ್ಲಿ ಚಹಾ ಬೇಡ ಎನ್ನುವ ಧೈರ್ಯ ಸರ್ಕಾರಿ ನೌಕರನಿಗೂ ಇಲ್ಲ. ಹಬ್ಬೊ ಕೂತ. ಬಟ್ಟಲಿನ ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಬಿದ್ದು ಚಟಪಟ ಎಂದಿತು. ಟೊಮ್ಮಾ ಅದರ ಮೇಲೆ ಕೆನೆ ಹಾಕಿ, ಕಪಾಟಿನಿಂದ 'ಕಾರು' ಎಂದು ಬರೆದ ಫೈಲು ತಂದಳು.

ಜರ್ಮನಿಯಲ್ಲಿ ಕಾರಿರುವವರಿಗೆಲ್ಲ ನವೆಂಬರ್ ಮೂವತ್ತು ನೆನಪಿರುತ್ತದೆ. ಅಷ್ಟರೊಳಗೆ ಹಳೆಯ ವಿಮೆ ಬೇಡವೆಂದು ಬರೆದರೆ ಹೊಸ ವರ್ಷಕ್ಕೆ ಬೇರೆ ಕಂಪನಿಗೆ ಹೋಗಬಹುದು. ಅರ್ಧ ದೇಶ ಅದನ್ನು ಆಮೇಲೆ ನೋಡೋಣ ಎಂದು ಬಿಡುತ್ತದೆ. ಕಡಲು ಒಳನುಗ್ಗದಂತೆ ಕಟ್ಟಿದ ಏರಿಯನ್ನು ನೋಡಿಕೊಳ್ಳುವ ಮಂಡಳಿಯಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದ ಫೋಲ್ಕರ್ಟ್ ಮಾತ್ರ ಬಿಡುವವನಲ್ಲ. ಪ್ರತಿ ನವೆಂಬರ್ ಬಂತೆಂದರೆ ಮೇಜಿನ ತುಂಬ ಕಾಗದ ಹರವಿ, ಕನ್ನಡಕ ಏರಿಸಿ, ಕಂಪನಿಗಳ ಜೊತೆ ಯುದ್ಧಕ್ಕೆ ಹೊರಟವನಂತೆ ಕೂರುತ್ತಿದ್ದ.

ಈ ಸಲವೂ ಕೂತಿದ್ದ. ನವೆಂಬರ್ ಹನ್ನೆರಡರಂದು ದುಂಡಗೆ ಕೈಯಲ್ಲಿ ಬರೆದ ರದ್ದತಿ ಪತ್ರದ ನಕಲು ಫೈಲಿನಲ್ಲಿತ್ತು. ಅದಕ್ಕೆ ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಚುಚ್ಚಿಟ್ಟಿದ್ದ. ರದ್ದಾಗಿದೆ ಎಂಬ ಕಂಪನಿಯ ಉತ್ತರ, ಜಿಲ್ಲಾ ಕಚೇರಿಯ ಮೊದಲ ನೋಟಿಸು, ಎರಡನೆಯ ನೋಟಿಸು, ಎಲ್ಲಕ್ಕೂ ಅಚ್ಚುಕಟ್ಟಾಗಿ ತೂತು ಹೊಡೆದು, ತಾರೀಖಿನ ಪ್ರಕಾರ ಜೋಡಿಸಿ, ಬಂದ ದಿನವನ್ನು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದ. ಎಲ್ಲವೂ ಕ್ರಮವಾಗಿತ್ತು. ಹೊಸ ವಿಮೆ ಒಂದನ್ನು ಮಾತ್ರ ಮಾಡಿಸಿರಲಿಲ್ಲ.

ಹಬ್ಬೊ ನೋಡಿದ. "ಇಷ್ಟು ಚೆನ್ನಾಗಿ ನಮ್ಮ ಆಫೀಸಲ್ಲೂ ಫೈಲ್ ಮಾಡಲ್ಲ ಅಮ್ಮಾ," ಎಂದ ಪಾಪ, ಬೇರೇನು ಹೇಳಬೇಕೆಂದು ತೋಚದೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಟೊಮ್ಮಾ ಫೈಲನ್ನು ತಟಕ್ಕನೆ ಮುಚ್ಚಿ ಕಪಾಟಿಗೆ ಸೇರಿಸಿದಳು.

"ಯಾರೇ ಅದು?" ಫೋಲ್ಕರ್ಟ್ ಸ್ವೆಟರಿನ ತೋಳು ಎಳೆದುಕೊಳ್ಳುತ್ತ ಬಂದ.

"ಜಿಲ್ಲಾ ಕಚೇರಿಯವ್ರು. ಇನ್ಶೂರೆನ್ಸ್ ಕಂಪನಿಯವ್ರು ಏನೋ ತಪ್ಪು ಮಾಡ್ಬಿಟ್ಟಿದಾರಂತೆ. ನೀನು ತಲೆ ಕೆಡಿಸ್ಕೋಬೇಡ, ಕೂತ್ಕೋ, ಚಹಾ ಕುಡಿ."

"ತಪ್ಪಾ? ಕತ್ತೆಗಳು! ತಡಿ, ನೀರಿಳಿಸ್ತೀನಿ ಅವ್ರಿಗೆ. ಎಲ್ಲಿ ಫೈಲು?"

"ಅಯ್ಯೋ, ಆಮೇಲೆ ನೋಡೋಣ ಬಿಡೋ..."

ಅವನು ಆಗಲೇ ಕಪಾಟು ತೆಗೆದಿದ್ದ. ನಿಂತುಕೊಂಡೇ ಓದಿದ. ಮುಂದೆ ತಿರುವಿ, ಮತ್ತೆ ಹಿಂದೆ ಬಂದು, ಕೊನೆಯ ಹಾಳೆಯ ಆಚೆಗೂ ಬೆರಳಾಡಿಸಿ, ಖಾಲಿ ರಟ್ಟನ್ನು ಮುಟ್ಟಿ ನೋಡಿದ.

"ಇದು ನನ್ನ ಕೈಬರಹ," ಎಂದ.

ಎರಡನೇ ಬಟ್ಟಲಿನಲ್ಲಿದ್ದ ಹಬ್ಬೊ, ಮೂರು ಕುಡಿಯದೆ ಏಳುವುದು ಮರ್ಯಾದೆಯಲ್ಲ ಎಂದು ಗೊತ್ತಿದ್ದರೂ, ಸಾಕು ಎಂಬಂತೆ ಚಮಚವನ್ನು ಬಟ್ಟಲೊಳಗೆ ಇಟ್ಟ.

"ರದ್ದು ಮಾಡಿದೀನಿ. ಹೊಸದು ಮಾಡಿಸಿಲ್ಲ. ಅವ್ರದ್ದೇನೂ ತಪ್ಪಿಲ್ಲ ಟೊಮ್ಮಾ." ಫೋಲ್ಕರ್ಟ್ ಫೈಲು ಮುಚ್ಚಿದ. "ಬನ್ನಿ ಸ್ವಾಮಿ. ನಿಮ್ಮ ಕೆಲಸ ನೀವು ಮಾಡ್ಬೇಕಲ್ಲ."

ಅಂಗಳದಲ್ಲಿ ಗಾಳಿ ಕಿವಿ ಕೊಯ್ಯುತ್ತಿತ್ತು. ಹಬ್ಬೊ ಬಗ್ಗಿದಾಗ ಫೋಲ್ಕರ್ಟ್ ಅವನನ್ನು ತಡೆದು, ಜೇಬಿನಿಂದ ಕರವಸ್ತ್ರ ತೆಗೆದು, ನಂಬರ್ ಪ್ಲೇಟಿನ ಮಣ್ಣು ಒರೆಸಿದ. ಮುಂದಿನದನ್ನು ಒರೆಸಿ ಹಿಂದಿನದಕ್ಕೂ ಹೋದ. ಆಮೇಲೆ ಹಬ್ಬೊ ಎರಡೂ ಮುದ್ರೆಗಳನ್ನು ಕೆರೆದ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಟೊಮ್ಮಾಳಿಗೆ ಆ ಅಲಗು ಗಂಡನ ಮೈಮೇಲೇ ಆಡಿದಂತಾಯಿತು.

ಮರುದಿನ ಬೆಳಿಗ್ಗೆ ಅವಳು ಊರಿನ ವಿಮೆ ಏಜೆಂಟ್ ಗೆಸೀನಳ ಹತ್ತಿರ ಹೋಗಿ ಬಂದಳು. ಗೆಸೀನ ಎರಡು ಫಾರ್ಮ್ ಕೊಟ್ಟಿದ್ದಳು. ಒಂದು ಹೊಸ ವಿಮೆಯದು. ಇನ್ನೊಂದು, ಅಪಘಾತವಿಲ್ಲದೆ ಓಡಿಸಿದ ವರ್ಷಗಳನ್ನು ಮನೆಯವರಿಗೆ ಬಿಟ್ಟುಕೊಡುವುದು. ಆ ದೇಶದಲ್ಲಿ ಅಂಥ ವರ್ಷ ಹೆಚ್ಚಿದಷ್ಟೂ ವಿಮೆಯ ಕಂತು ಕಡಿಮೆ. ಅವು ಹೊಲಮನೆ ಇದ್ದ ಹಾಗೆ, ಒಬ್ಬರಿಂದೊಬ್ಬರಿಗೆ ಬರೆದುಕೊಡಬಹುದು. "ಯಾವ್ದು ಬೇಕೋ ತುಂಬ್ಕೊಂಡ್ ಬನ್ನಿ ಟೊಮ್ಮಕ್ಕ," ಎಂದಿದ್ದಳು ಗೆಸೀನ, ಊರಿಗೆಲ್ಲ ಗೊತ್ತಿದ್ದದ್ದು ತನಗೆ ಗೊತ್ತಿಲ್ಲವೆಂಬಂತೆ.

ಟೊಮ್ಮಾ ಮೊದಲನೆಯದನ್ನು ಮಾತ್ರ ಮೇಜಿನ ಮೇಲಿಟ್ಟಳು. ಎರಡನೆಯದು ಚೀಲದಲ್ಲೇ ಉಳಿಯಿತು.

ಫೋಲ್ಕರ್ಟ್ ಕನ್ನಡಕ ಹಾಕಿಕೊಂಡು ಫಾರ್ಮ್ ನೋಡಿದ. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಇನ್ನೊಂದೆಲ್ಲಿ?"

"ಯಾವ ಇನ್ನೊಂದು?"

"ವರ್ಷ ಬಿಟ್ಟುಕೊಡೋದು. ಗೆಸೀನ ಕೊಟ್ಟೇ ಇರ್ತಾಳೆ. ಇಲ್ಲಾ ಅಂದ್ರೆ ಅವಳು ಏಜೆಂಟಾಗೋಕೆ ಲಾಯಕ್ಕಿಲ್ಲ."

ಅವಳು ಚೀಲದಿಂದ ತೆಗೆದು ಕೊಟ್ಟಳು. "ಫೋಲ್ಕರ್ಟ್, ಒಂದ್ಸಲ ಕೊಟ್ರೆ ಮತ್ತೆ ನಿನಗೆ ವಾಪಸ್ ಬರಲ್ಲ ಕಣೋ."

"ಗೊತ್ತು. ನಾಲ್ಕನೇ ಸಾಲು, ಸಣ್ಣಕ್ಷರದಲ್ಲಿ ಬರೆದಿದಾರೆ." ಅವನು ಮುಚ್ಚಳ ತೆಗೆದ. "ನಿನ್ನ ಲೈಸೆನ್ಸಿನ ತಾರೀಖು ಕೇಳಿದಾರೆ. ತರಬೇಡ, ಕೂತ್ಕೋ. ಹದಿನಾಲ್ಕು ಮಾರ್ಚ್ ಎಪ್ಪತ್ತೈದು. ಶುಕ್ರವಾರ. ಹಸಿರು ಕೋಟು ಹಾಕ್ಕೊಂಡಿದ್ದೆ, ಮೇಲಿನ ಗುಂಡಿ ಕಿತ್ತೋಗಿತ್ತು. ಎರಡನೇ ಸಲಕ್ಕೆ ಪಾಸಾದೆ."

"ಮೊದಲನೇ ಸಲಕ್ಕೇ ಪಾಸಾದದ್ದು!"

"ಸುಳ್ಳು ಹೇಳ್ಬೇಡ ಮುದುಕಿ. ಸರ್ಕಾರಿ ಕಾಗದ ಇದು."

ಅವಳು ನಕ್ಕಳು. ಪಾಸಾದದ್ದು ಎರಡನೇ ಸಲಕ್ಕೇ. ಬೆಳಿಗ್ಗೆ ಗಂಜಿ ಕುಡಿದದ್ದನ್ನು ಮರೆತು ಮತ್ತೆ ಗಂಜಿ ಕೇಳಿದ ಮನುಷ್ಯನಲ್ಲಿ ಆ ಗುಂಡಿ ಎಲ್ಲಿ ಉಳಿದುಕೊಂಡಿತ್ತೋ.

ಅವನು ಒಂದೊಂದೇ ಅಕ್ಷರವನ್ನು ಒಂದೊಂದೇ ಚೌಕದಲ್ಲಿ ಕೂರಿಸುತ್ತ ಬರೆದ. ಒಂದು ಕಡೆ ಬಂದಾಗ, ಪರೀಕ್ಷೆಯಲ್ಲಿ ಪಕ್ಕದವರಿಗೆ ತೋರಿಸದ ಹುಡುಗನ ಹಾಗೆ ಎಡಗೈ ಅಡ್ಡ ಇಟ್ಟುಕೊಂಡ. ಕೆಳಗೆ ಸಹಿ ಹಾಕಿದ. ಆಮೇಲೆ ತಾರೀಖಿನ ಚೌಕದ ಮೇಲೆ ಪೆನ್ನು ಎತ್ತಿ ಹಿಡಿದ.

"ಟೊಮ್ಮಾ," ಎಂದ, ದನಿ ತಗ್ಗಿಸಿ. "ಇವತ್ತು ತಾರೀಖೆಷ್ಟು?"

ಅವಳು ಹೇಳಿದಳು. ಅವನು ಬರೆದು ಫಾರ್ಮನ್ನು ಅವಳ ಕಡೆ ತಳ್ಳಿದ.

ಅವನು ಕೈ ಅಡ್ಡ ಇಟ್ಟುಕೊಂಡದ್ದು, ವರ್ಷಗಳನ್ನು ಬಿಟ್ಟುಕೊಡಲು ಕಾರಣವೇನು ಎಂಬ ಚೌಕಕ್ಕೆ. ಸಾಮಾನ್ಯವಾಗಿ ಜನ ಅಲ್ಲಿ ಒಂದು ಗೆರೆ ಎಳೆದು ಬಿಡುತ್ತಾರೆ. ಫೋಲ್ಕರ್ಟ್ ದುಂಡಗೆ ಬರೆದಿದ್ದ: "ನನ್ನ ಹೆಂಡತಿಗೆ ದಾರಿ ನೆನಪಿರುತ್ತದೆ."

ನಾಲ್ಕು ತಿಂಗಳಿಂದ ಕಟ್ಟಿಟ್ಟುಕೊಂಡ ಅಳು ಟೊಮ್ಮಾಳಿಗೆ ಅಲ್ಲೇ ಒಡೆದು ಬಂತು. ಆ ರಸ್ತೆಯಲ್ಲಿ ಎರಡು ಸುತ್ತು ಹಾಕಿದ್ದು ಅವನಿಗೂ ಗೊತ್ತಿತ್ತು. ಅವಳು ಕಡಲು ನೋಡುತ್ತ ಕೂತದ್ದೂ ಗೊತ್ತಿತ್ತು. ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

"ಕಾಗದದ ಮೇಲೆ ಮಾತ್ರ ಅಳಬೇಡ ಮಾರಾಯ್ತಿ," ಎಂದ ಅವನು. "ಮತ್ತೆ ಬರೆಯೋ ಶಕ್ತಿ ಇಲ್ಲ ನಂಗೆ." ಅವನ ಕಣ್ಣೂ ಒದ್ದೆಯಾಗಿತ್ತು.

ಹೊಸ ವಿಮೆ ಟೊಮ್ಮಾಳ ಹೆಸರಿಗೆ ಆಯಿತು. ಶುಕ್ರವಾರ ಇಬ್ಬರೂ ನಂಬರ್ ಪ್ಲೇಟುಗಳನ್ನು ಬಿಚ್ಚಿ, ತರಕಾರಿ ಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ಜಿಲ್ಲಾ ಕಚೇರಿಗೆ ಹೋಗಿ ಹೊಸ ಮುದ್ರೆ ಹಾಕಿಸಿಕೊಂಡು ಬಂದರು. ಅಲ್ಲಿ ಹಬ್ಬೊ ಅವರನ್ನು ಕಂಡು, ಸಾಲಿನಲ್ಲಿ ನಿಲ್ಲಿಸದೆ ತಾನೇ ಒಳಗೆ ಕರೆದುಕೊಂಡು ಹೋದ. ಮೂರನೇ ಬಟ್ಟಲು ಬಾಕಿ ಇದೆ, ಬಂದು ಕುಡಿದು ಹೋಗಿ ಎಂದಳು ಟೊಮ್ಮಾ.

ಮನೆಗೆ ಬಂದು ಫೋಲ್ಕರ್ಟ್ ಪ್ಲೇಟುಗಳಿಗೆ ತಾನೇ ತಿರುಪು ಹಾಕಿದ, ತಾನೇ ಒರೆಸಿದ. ಟೊಮ್ಮಾ ಕೀ ಹಿಡಿದು ಬರುವಷ್ಟರಲ್ಲಿ ಅವನು ಅಭ್ಯಾಸಬಲದಿಂದ ಎಡಗಡೆಗೆ, ಓಡಿಸುವವರ ಬಾಗಿಲಿಗೆ ಹೋಗಿ ಹಿಡಿಯ ಮೇಲೆ ಕೈ ಇಟ್ಟಿದ್ದ. ಅವಳು ಇದ್ದಲ್ಲೇ ನಿಂತಳು. ಅವನೂ ನಿಂತ. ಆಮೇಲೆ ಬಾಗಿಲು ತೆಗೆದು, ಮದುವೆಯ ದಿನ ಹಿಡಿದಿದ್ದಂತೆ ಅಗಲಕ್ಕೆ ಹಿಡಿದುಕೊಂಡ.

"ಹತ್ತಿ ಕೂತ್ಕೋ," ಎಂದ. "ನಲವತ್ತೊಂದು ವರ್ಷ ಕಣೇ. ಒಂದು ಗೀರಿಲ್ಲ. ಜೋಪಾನ."

"ಬಾಯಿ ಮುಚ್ಚಿ ಆ ಕಡೆ ಬಂದು ಬೆಲ್ಟ್ ಹಾಕ್ಕೋ," ಎಂದಳು ಟೊಮ್ಮಾ. ಅವನು ಕಾರಿನ ಸುತ್ತ ನಡೆದು ಬಂದು, ಅವಳ ಪಕ್ಕದಲ್ಲಿ ಕೂತು, ಬೆಲ್ಟ್ ಹಾಕಿಕೊಂಡ.