ಬೆಳ್ಳಿ ಅಡಗಿಸಿದ ಕೆಂಪು ಮೊಟ್ಟೆ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಮಾಬ್ಲಜ್ಜ, ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಕ್ಕಳನ್ನು ಗದರಿಸಿದ.

“ಏಯ್, ಬಲೆ ರಾಶಿ ಕೆಳ್ಗೆ ಎಂತ ಹುಡುಕೂದು? ಹೆಣ ಇಟ್ಕಂಡ ಅಂಗಳದಲ್ಲಿ ಆಟವಾ?”

ಮಕ್ಕಳು ಚದುರಿದರು, ಆದರೆ ದೂರ ಹೋಗಲಿಲ್ಲ. ಕಾಸರಕೋಡದ ಮೀನುಗಾರರ ಕೇರಿಯಲ್ಲಿ ಯಾವ ಮಗುವಿಗೆ ಗೊತ್ತಿರಲಿಲ್ಲ? ನಿನ್ನೆ ಸಂಜೆ ಮುದುಕಿ ಬೆಳ್ಳಿ ಮಡಿಲು ತುಂಬ ಮೊಟ್ಟೆ ಕಟ್ಟಿಕೊಂಡು ದಂಡೆಗೆ ಇಳಿದಿದ್ದಳು, ಬರಿಗೈಯಲ್ಲಿ ವಾಪಸು ಬಂದಿದ್ದಳು. ಇವತ್ತು ಈಸ್ಟರ್. ಇಗರ್ಜಿಗೆ ಹೋಗುವ ಕ್ರೈಸ್ತರ ಮಕ್ಕಳೂ ಕೇರಿಯ ಮಕ್ಕಳೂ ಸೇರಿ ಆ ಮೊಟ್ಟೆಗಳನ್ನು ಹುಡುಕಬೇಕಾಗಿದ್ದ ದಿನ. ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತ ಬೆಳ್ಳಿ ಮತ್ತೆ ಏಳಲೇ ಇಲ್ಲ.

ಮಗಳು ಗಂಗಿ ಅವ್ವಿಯ ತಲೆ ಬಾಚುತ್ತಿದ್ದಳು. ಅಳು ಒಂದು ಕಡೆ, ಸಿಟ್ಟು ಇನ್ನೊಂದು ಕಡೆ. ಇಷ್ಟು ವರ್ಷ ಕಾದು ಹೊಂಚಿದ ಆಟ. ಅದು ನಡೆಯುವ ದಿನವೇ ಎದ್ದು ಹೋಗುವುದೆ?

ಇಗರ್ಜಿ ಶಾಲೆಯ ಟೀಚರು ನತಾಲಿನ ಬಾಯಿ ಹಬ್ಬದ ಸೀರೆಯಲ್ಲೇ ಓಡಿಬಂದು ಪಕ್ಕದಲ್ಲಿ ಕೂತರು.

“ಆಟ ಇನ್ನೊಂದು ದಿನ ಇಟ್ಕೊಳ್ಳುವ, ಗಂಗಿ. ನಮ್ಮ ಮಕ್ಕಳನ್ನು ಮನೆಗೆ ಕಳಿಸ್ತೇನೆ.”

“ಬ್ಯಾಡಿ, ಬಾಯಿ. ಇನ್ನೊಂದಿನ ಅಂದ್ರೆ ಮಾಬ್ಲಜ್ಜ ಬಿಡೂದೇ ಇಲ್ಲ. ಅವ್ವಿ ಆಸೆ ಅಲ್ಲಿಗೇ ಮುಗೀತು.”

*

ಈ ಆಟ ಹೀಗಾದದ್ದೇ ಒಂದು ಎಡವಟ್ಟಿನಿಂದ. ಮೊದಲ ವರ್ಷ ನತಾಲಿನ ಬಾಯಿಯವರು ಕೋಳಿ ಸಾಕಿದ್ದ ಬೆಳ್ಳಿಯನ್ನು ಕರೆದು, ಮೊಟ್ಟೆಗಳಿಗೆ ಬಣ್ಣ ಹಚ್ಚಿ ಇಗರ್ಜಿಯ ಹಿತ್ತಲಲ್ಲಿ ಅಡಗಿಸು ಎಂದಿದ್ದರು. ಬೆಳ್ಳಿ ಅರಿಶಿನ, ಕುಂಕುಮ ಕಲಸಿ ಹಚ್ಚಿದಳು. ಮುಂಗುಸಿಗೂ ಸಿಗದ ಹಾಗೆ ಅಡಗಿಸಿದಳು. ಹೊಸ ಬಿಳಿ ಅಂಗಿ ತೊಟ್ಟ ಮಕ್ಕಳು ಸಿಕ್ಕಿದ್ದನ್ನೆಲ್ಲ ಜೇಬಿಗೆ ತುರುಕಿದವು. ಸ್ವಲ್ಪ ಹೊತ್ತಿಗೆ ಅಂಗಿ ಚಡ್ಡಿಯೆಲ್ಲ ಲೋಳೆಲೋಳೆ.

“ಬೇಯಿಸ್ಲಿಲ್ವಾ ಬೆಳ್ಳಿ?”

“ಅಡಗ್ಸು ಅಂದ್ರಿ, ಅಡಗ್ಸಿದೆ. ಬೇಯ್ಸು ಅಂದ್ರಾ?”

ನತಾಲಿನ ಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅದೇ ನಿಯಮವಾಯಿತು: ಹಸಿ ಮೊಟ್ಟೆ, ಒಡೆಯದೆ ತಂದವರದೇ ಗೆಲುವು. ಒಂದೇ ಒಂದು ಕೆಂಪು ಮೊಟ್ಟೆ, ಅದು ಸಿಕ್ಕವರು ಊರಿಗೇ ಕೇಳುವ ಹಾಗೆ “ಸಿಕ್ತು!” ಎಂದು ಕೂಗಬೇಕು.

ಆ ಕೂಗು ಕೇರಿಯ ಮಕ್ಕಳಿಗೆ ಗೋಡೆಯಾಚೆಯಿಂದಷ್ಟೇ ಕೇಳುತ್ತಿತ್ತು. ಅವು ಗೋಡೆಯ ಮೇಲೆ ಗಲ್ಲ ಊರಿ ನೋಡುವುದನ್ನು ಕಂಡಾಗಲೆಲ್ಲ ಬೆಳ್ಳಿಯ ಹೊಟ್ಟೆ ಉರಿಯುತ್ತಿತ್ತು. ಕೋಳಿ ನಮ್ಮದು, ಅಡಗಿಸಿದವಳು ನಾನು, ನಮ್ಮ ಮಕ್ಕಳು ಮಾತ್ರ ಹೊರಗೆ! ಈ ವರ್ಷ ಬಾಯಿಯವರನ್ನು ಒಪ್ಪಿಸಿ, ಗೋಡೆಯೇ ಇಲ್ಲದ ಕಡಲ ದಂಡೆಗೆ ಆಟವನ್ನು ಎಳೆದುಬಿಟ್ಟಳು. ಒಪ್ಪದವನು ಕೇರಿಯ ಹಿರಿಯ ಮಾಬ್ಲಜ್ಜ ಒಬ್ಬನೇ.

“ಅವರ ಹಬ್ಬ ಅವರಿಗೆ. ನನ್ನ ದೋಣಿ ಹತ್ರ ಒಂದು ಮಗು ಸುಳಿದ್ರೂ ಕಾಲು ಮುರೀತೆ.”

“ಮುರಿ ಮಾರಾಯ,” ಎಂದಿದ್ದಳು ಬೆಳ್ಳಿ. “ನಿನ್ನ ಕೈಯಲ್ಲೇ ಮೊಟ್ಟೆ ಹುಡುಕ್ಸದಿದ್ರೆ ನಾ ಬೆಳ್ಳಿಯೇ ಅಲ್ಲ.”

*

ಚಟ್ಟ ಎದ್ದಿತು. ಮುಂದಿನ ಬಿದಿರಿಗೆ ಮಾಬ್ಲಜ್ಜನದೇ ಹೆಗಲು. ಹೆಂಗಸರು ದೋಣಿಗಳವರೆಗೆ ಬಂದು ಹಿಂತಿರುಗುವುದು ಕೇರಿಯ ವಾಡಿಕೆ. ಗಂಗಿ ನತಾಲಿನ ಬಾಯಿಯವರ ಕೈ ಹಿಡಿದುಕೊಂಡು ನಡೆದಳು.

ಮೊದಲು ಕೇರಿಯ ಒಂದು ಪುಟ್ಟ ಹುಡುಗಿ ತೆಂಗಿನ ಬುಡದಲ್ಲಿ ಬಗ್ಗಿದಳು. ಎದ್ದಾಗ ಲಂಗದ ಮಡಿಕೆಯಲ್ಲಿ ಹಳದಿ ಮೊಟ್ಟೆ. ಆಮೇಲೆ ಒಣಮೀನಿನ ಚಾಪೆಯಡಿ ಒಂದು, ತುಕ್ಕು ಹಿಡಿದ ಲಂಗರಿನ ಸಂದಿಯಲ್ಲಿ ಒಂದು. ಇಗರ್ಜಿಯ ಮಕ್ಕಳೂ ಟೀಚರ ಸೆರಗು ಬಿಟ್ಟು ನುಸುಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಮಾಬ್ಲಜ್ಜ ಕಣ್ಣು ಕೆಂಪಗೆ ಮಾಡಿ ನೋಡಿದ. ಹೆಗಲ ಮೇಲೆ ಬೆಳ್ಳಿ ಇದ್ದಳು, ಏನೂ ಮಾಡುವ ಹಾಗಿರಲಿಲ್ಲ.

ಅಷ್ಟರಲ್ಲಿ ಅವನೇ ಬಿಗಿದಿದ್ದ ಗಂಟು ಸಡಿಲಾಯಿತು. ಚಟ್ಟವನ್ನು ಮರಳ ಮೇಲೆ ಇಳಿಸಿದರು. ಪಕ್ಕದಲ್ಲೇ ಅವನ ದೋಣಿ. ಅದರ ಮೂತಿಯ ಗೂಡಿನಲ್ಲಿ ಹಗ್ಗ ಇಡುತ್ತಿದ್ದ. ಅಲ್ಲಿಗೆ ಅವನದಲ್ಲದೆ ಬೇರೆ ಕೈ ಹೋಗುತ್ತಿರಲಿಲ್ಲ. ದಡಬಡ ಹೋಗಿ ಕೈ ಹಾಕಿದ. ಹಾಕಿದ ಕೈ ಅಲ್ಲೇ ನಿಂತಿತು.

“ಎಂತ ಆತು ಅಜ್ಜ? ಹಾವಾ?” ಯಾರೋ ಕೇಳಿದರು.

ಅವನು ಮೆಲ್ಲಗೆ ಕೈ ಹೊರತೆಗೆದ. ಅಂಗೈಯೆಲ್ಲ ಕುಂಕುಮ. ನಡುವೆ ಕೆಂಪು ಮೊಟ್ಟೆ, ಒಂದು ಬಿರುಕೂ ಇಲ್ಲದೆ.

ಗಂಗಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಗೆದ್ದಳು, ಅವ್ವಿ ಗೆದ್ದೇಬಿಟ್ಟಳು!

“ಅಜ್ಜ, ಸಿಕ್ಕವ್ರು ಕೂಗ್ಬೇಕು. ಅದು ಅವ್ವಿ ನಿಯಮ.”

ಮಾಬ್ಲಜ್ಜ ಮೊಟ್ಟೆಯನ್ನು ನೋಡಿದ, ಬೆಳ್ಳಿಯ ಮುಖ ನೋಡಿದ.

“ಹೋಗೂ ಹೊತ್ತಿಗೂ ಬಿಡ್ಲಿಲ್ಲ ಅಲ್ದಾ ನೀನು!” ಎಂದವನೇ ಕೈಯೆತ್ತಿ, ಬಿರುಗಾಳಿಯಲ್ಲಿ ಆಚೆ ದೋಣಿಯವರನ್ನು ಕರೆಯುವ ಗಂಟಲಿನಲ್ಲಿ ಕೂಗಿದ: “ಸಿಕ್ತೂ!”

ಅಷ್ಟು ಹೊತ್ತು ಬಾಯಿ ಬಿಗಿಹಿಡಿದಿದ್ದ ಮಕ್ಕಳೆಲ್ಲ ಒಂದೇ ಸಲ “ಸಿಕ್ತೂ! ಸಿಕ್ತೂ!” ಎಂದು ಕುಣಿದವು. ಯಾವ ಮಗು ಇಗರ್ಜಿಯದು, ಯಾವುದು ಕೇರಿಯದು, ಗಂಗಿಗೆ ಗುರುತು ಸಿಗಲಿಲ್ಲ.

ಬೇರೆಯವರು ಹಗ್ಗ ಬಿಗಿದರು. ಮಾಬ್ಲಜ್ಜ ಮತ್ತೆ ಬಿದಿರಿಗೆ ಹೆಗಲು ಕೊಟ್ಟ. ಮೊಟ್ಟೆ ಕೊಡು ಎಂದರೆ ಕೊಡಲಿಲ್ಲ. ಗಂಗಿ ದೋಣಿಗೆ ಒರಗಿ ನೋಡುತ್ತಲೇ ಇದ್ದಳು. ಒಂದು ಹೆಗಲಲ್ಲಿ ಬೆಳ್ಳಿಯನ್ನು ಹೊತ್ತು, ಇನ್ನೊಂದು ಕೈಯನ್ನು ಮುಂದೆ ಚಾಚಿ, ಮೊಟ್ಟೆ ಎಲ್ಲಿ ಒಡೆದೀತೋ ಎಂದು ಹೆಜ್ಜೆ ನೋಡಿ ನೋಡಿ ಇಡುತ್ತ ಅವನು ಮರಳಿನಲ್ಲಿ ಸಾಗಿದ.