ಡಾಕ್ಟರ ಬೆರಳಿನ ಹನಿ

ಹುಮನಾಬಾದ್ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಾಕ್ಟರ್ ಗುರುನಾಥರದು ಆರು ಮಂಚದ ದವಾಖಾನೆ. ಶುಗರ್ ಇದ್ದವರನ್ನು ಬೈದು ಬೆವರಿಳಿಸುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಬೈದು ಕಳಿಸಿದ ಮೇಲೆ ಮೇಜಿನ ಡ್ರಾಯರ್ ಎಳೆದು ಸಕ್ಕರೆ ಪಾಕದ ಬಾಲೂಶಾಹಿ ಬಾಯಿಗೆ ಹಾಕಿಕೊಳ್ಳುವುದರಲ್ಲೂ ಅಷ್ಟೇ! ಈ ಎರಡನೆಯ ಸಂಗತಿ ಗೊತ್ತಿದ್ದದ್ದು ನರ್ಸ್ ವಹೀದಾಗೆ ಮಾತ್ರ. ಇಪ್ಪತ್ತೆರಡು ವರ್ಷದಿಂದ ಆ ಡ್ರಾಯರಿನ ಇರುವೆ ಕೊಡವುತ್ತಿದ್ದವಳು ಅವಳೇ ತಾನೆ.

ಈಚೆಗೆ ಅವಳ ನೆಮ್ಮದಿ ಕೆಟ್ಟಿತ್ತು. ಡಾಕ್ಟರು ತಾಸಿಗೊಂದು ತಂಬಿಗೆ ನೀರು ಖಾಲಿ ಮಾಡುತ್ತಿದ್ದರು. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಕಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ತಿಂಗಳಾದರೂ ಮಾಯ್ದಿರಲಿಲ್ಲ. "ಒಮ್ಮೆ ರಕ್ತ ನೋಡೋಣ್ರಿ ಸರ್" ಎಂದರೆ, "ಡಾಕ್ಟರ್ ನಾನೋ, ನೀನೋ?" ಎಂದು ಗದರುತ್ತಿದ್ದರು. ಇವರಿಗೇನಾದರೂ ಆದರೆ ದವಾಖಾನೆಗೆ ಬೀಗ. ಇವರನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಕೆಮ್ಮು ತೋರಿಸುವ ಹಳ್ಳಿಯ ಜನ ಯಾರ ಹತ್ತಿರ ಹೋಗಬೇಕು? ಅದಿರಲಿ, ಸ್ವಂತ ಅಣ್ಣನಂಥ ಮನುಷ್ಯ ಕಣ್ಣೆದುರೇ ಸೊರಗುವುದನ್ನು ನೋಡಿ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ದಾರಿ ತೋರಿಸಿದ್ದು ಡಾಕ್ಟರದೇ ಒಂದು ಅಭ್ಯಾಸ. ಸೂಜಿ ಕಂಡು ಅಳುವ ಮಕ್ಕಳ ಮುಂದೆ ಅವರು ಮೊದಲು ತಮ್ಮ ಬೆರಳನ್ನೇ ಚುಚ್ಚಿಸಿಕೊಳ್ಳುತ್ತಿದ್ದರು. ಬುಧವಾರ ಜ್ವರದ ಹುಡುಗಿ ಪೂನಂ ರಕ್ತ ಪರೀಕ್ಷೆಗೆ ಬೆರಳು ಕೊಡದೆ ಕಿರುಚಿದಾಗಲೂ ಹಾಗೇ ಆಯಿತು.

"ನೋಡ್ ಬೇಟಾ, ನನಗ ನೋವಾತೇನು? ಇಲ್ಲ!"

ಹುಡುಗಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ, ಹತ್ತಿ ಹಿಡಿದ ಕೈಯಲ್ಲೇ ಶುಗರ್ ಮಷಿನ್ ಅಡಗಿಸಿಕೊಂಡಿದ್ದ ವಹೀದಾ ಡಾಕ್ಟರ ಹನಿಯನ್ನು ಅದಕ್ಕೆ ಮುಟ್ಟಿಸಿದ್ದಳು. ಆಮೇಲೆ ಹೊಸ ಸೂಜಿ ತೆಗೆದು ಪೂನಂಳ ಕೆಲಸ ಮುಗಿಸಿ, ಹೊರಗೆ ಬಂದು ಮಷಿನ್ ನೋಡಿದಳು. ಮುನ್ನೂರ ಎಂಬತ್ತಾರು. ಯಾ ಅಲ್ಲಾ! ಇನ್ನೂರು ದಾಟಬಾರದ ಅಂಕಿ!

ಹೊರಗೆ ಬೆಂಚಿನ ಮೇಲೆ ಬೇಮಳಖೇಡದ ಚಂದಮ್ಮ ಕೂತಿದ್ದಳು. ನಾಲ್ಕು ಎಮ್ಮೆ ಸಾಕಿಕೊಂಡ ಗಟ್ಟಿಗಿತ್ತಿ, ಊಟಕ್ಕೆ ಮೊದಲು ತಾನೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವಳು. ಒಂದು ಚಮಚ ಖೋವಾ ತಿಂದ ತಪ್ಪಿಗೆ ಹೋದ ವಾರ ಡಾಕ್ಟರಿಂದ ಅರ್ಧ ತಾಸು ಬೈಸಿಕೊಂಡಿದ್ದಳು. ವಹೀದಾ ಅವಳ ಕಿವಿಯಲ್ಲಿ ಎಲ್ಲ ಹೇಳಿ ಬರೀ ಅಂಕಿ ಬರೆದ ಚೀಟಿ ಕೊಟ್ಟಳು. ಚಂದಮ್ಮನ ಮುಖ ಅರಳಿತು. ಎದ್ದು ಡಾಕ್ಟರ ಕೋಣೆಗೆ ನಡೆದಳು.

"ಸಾಹೇಬ್ರ, ಒಬ್ರು ಹಿರಿಯರದು ಶುಗರ್ ನೋಡಿಸೀವಿ. ಸ್ವಲ್ಪ ಹೇಳ್ರಿ."

ಡಾಕ್ಟರು ಚೀಟಿ ನೋಡಿ ಹೌಹಾರಿದರು. "ಏನಿದು! ನೀರು ಭಾಳ ಕುಡೀತಾನೇನು?"

"ಹೌದ್ರಿ. ಕಾಲಾಗ ಗಾಯಾನೂ ಅದ."

"ಮಿಠಾಯಿ?"

"ಕದ್ದು ತಿಂತಾರ್ರಿ."

"ಕಾಲ್ ಕಳ್ಕೋತಾನ ಆ ಮೂರ್ಖ! ಮನಿಯವರು ಏನ್ ಮಾಡಾಕತ್ತಾರ? ಇವತ್ತೇ ಅಡ್ಮಿಟ್ ಮಾಡಸ್ರಿ. ಹೊಯ್ಕೊಂಡ್ರೂ ಬಿಡಬ್ಯಾಡ್ರಿ!" ಎನ್ನುತ್ತಲೇ ಹಾಳೆ ಎಳೆದುಕೊಂಡು ಬರೆದರು: ಐದು ದಿನ ಮಂಚ, ಇನ್ಸುಲಿನ್, ಸಿಹಿ ಪೂರ್ತಿ ಬಂದ್. ಕೆಳಗೆ ಜೋರಾಗಿ ಸಹಿ ಎಳೆದರು. "ಎಲ್ಲಿದಾನಂವ?"

ಚಂದಮ್ಮ ಕೈಚಾಚಿ ಡ್ರಾಯರ್ ಎಳೆದಳು. ಬಾಲೂಶಾಹಿ ಇಣುಕಿತು.

"ಇಲ್ಲೇ ಕುಂತಾರ್ರಿ."

ಡಾಕ್ಟರು ಡ್ರಾಯರ್ ನೋಡಿದರು, ಬೆರಳ ತುದಿ ನೋಡಿಕೊಂಡರು, ಬಾಗಿಲಲ್ಲಿ ನಿಂತ ವಹೀದಾಳನ್ನು ನೋಡಿದರು.

"ಇದು ಮೋಸ!"

"ಮೋಸನ ಸರ್. ಆದ್ರ ಸಹಿ ನಿಮ್ಮದ ಅದ," ಎಂದಳು ವಹೀದಾ. ನಗಬೇಕೆಂದುಕೊಂಡವಳಿಗೆ ಅಳು ಬಂತು.

ಅವಳ ಅಳು ಕಂಡು ಡಾಕ್ಟರ ಜೋರು ಇಳಿಯಿತು. "ನನಗ ಗೊತ್ತಿತ್ತು ವಹೀದಾ. ನೋಡಿದ್ರ ಖರೇ ಆಗ್ತದಂತ ನೋಡಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ಅವರು ಮೂರನೇ ಮಂಚದ ಮೇಲಿದ್ದರು. ರೋಗಿಗಳ ಸಾಲು ಅಲ್ಲಿಗೇ ಬಂದಿತ್ತು. ಊಟಕ್ಕೆ ಮುಂಚೆ ವಹೀದಾ ಇನ್ಸುಲಿನ್ ಸೂಜಿ ಹಿಡಿದು ಬಂದಳು. ಡಾಕ್ಟರು ಚಾದರವನ್ನು ಕುತ್ತಿಗೆವರೆಗೆ ಎಳೆದುಕೊಂಡರು.

"ಹೊಟ್ಟಿಗ್ಯಾ? ಸಂಜೀಕ ನೋಡೋಣ ತಗೋ."

ಮೂವತ್ತು ವರ್ಷ ಊರಿಗೆಲ್ಲ ಚುಚ್ಚಿದ ಮನುಷ್ಯ! ಆಗ ಚಂದಮ್ಮ ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತಳು. ತನ್ನ ಚೀಲದಿಂದ ತನ್ನ ಸೂಜಿ ತೆಗೆದು, ಸೆರಗು ಸರಿಸಿ, ಹೊಟ್ಟೆಗೆ ಚುಚ್ಚಿಕೊಂಡಳು.

"ನೋಡ್ರಿ ಸಾಹೇಬ್ರ, ನನಗ ನೋವಾತೇನ್ರಿ? ಇಲ್ಲ!"

ಡಾಕ್ಟರು ಮೆಲ್ಲಗೆ ಚಾದರ ಸರಿಸಿದರು.